ಕಂಪಲ್ಸರಿ ಅನ್ನದೇ ಬಂದ ಮನೆ

ನನ್ನ ಮೊಮ್ಮಗಳಿಗೆ ನಾಲ್ಕು ಹಲ್ಲು ಬಂದಿವೆ. ಕೆಳಗೆ ಎರಡು, ಮೇಲೆ ಎರಡು. ಇದನ್ನು ನಾನು ಹಾಲಿನವನಿಗೆ ಹೇಳಿದ್ದೇನೆ, ಸಿಟಿ ಬಸ್ಸಿನ ಕಂಡಕ್ಟರಿಗೆ ಹೇಳಿದ್ದೇನೆ, ವಿನೋಬನಗರದ ನಮ್ಮ ರಸ್ತೆಗೆ ಸೊಪ್ಪು ತರುವವಳಿಗೆ ಮೂರು ಸಲ ಹೇಳಿ, "ಗೊತ್ತಾಯ್ತು ಬಿಡಿ ಅಮ್ಮ, ಐದನೇದು ಬಂದಾಗ ಹೇಳಿ" ಅನ್ನಿಸಿಕೊಂಡಿದ್ದೇನೆ. ಒಂಬತ್ತು ವರ್ಷ ಕಾದ ಮೇಲೆ ಬಂದ ಮಗು. ಅದು ಅಂಬೆಗಾಲಿಟ್ಟು ಅಡುಗೆಮನೆ ಬಾಗಿಲವರೆಗೆ ಬಂದು, ಹೊಸ್ತಿಲ ಮೇಲೆ ಎರಡು ಕೈ ಊರಿ, ನನ್ನ ಮುಖ ನೋಡಿ ನಕ್ಕರೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ನನಗೆ ಗೊತ್ತಾಗುವುದಿಲ್ಲ. ಉಕ್ಕಿದರೆ ಉಕ್ಕಲಿ.

ಆದರೆ ಅದು ನಕ್ಕಾಗಲೆಲ್ಲ ನನಗೆ ಇನ್ನೊಬ್ಬಳ ನೆನಪಾಗುತ್ತದೆ. ಈ ನಗುವನ್ನು ನನ್ನ ಜೊತೆಗೇ ನೋಡಬೇಕಾಗಿದ್ದವಳು, ನನ್ನಿಂದಾಗಿ ಎಂಟು ತಿಂಗಳು ನೋಡದೆ ಉಳಿದವಳು. ನಾನು ಅವಳಿಗೆ ಕೆಟ್ಟ ಮಾತೇನೂ ಆಡಲಿಲ್ಲ. ಆಡಬೇಕಾಗಿದ್ದ ಒಂದು ಮಾತನ್ನು ಆಡದೆ ನುಂಗಿಕೊಂಡೆ. ಅದು ಇಂಗ್ಲಿಷಿನ ಮಾತು. ಕಂಪಲ್ಸರಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬಸ್ಸು, ಗ್ಯಾಸು, ಸ್ವಿಚ್ಚು ಅನ್ನುವ ಮಾತುಗಳೆಲ್ಲ ಊರಿಗೇ ಸೇರಿದವು, ಅವನ್ನು ಕಲಿತೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ಕಂಪಲ್ಸರಿ ಮಾತ್ರ ನನಗೆ ಒಬ್ಬರು ಕೊಟ್ಟಿದ್ದು, ಪಕ್ಕದ ಮನೆಯವರು ಹೆಪ್ಪಿಗೆ ಒಂದು ಚಮಚ ಮೊಸರು ಕೊಟ್ಟ ಹಾಗೆ.

ಮದುವೆಯಾಗಿ ಭದ್ರಾವತಿಗೆ ಬಂದಾಗ ನಮ್ಮ ಮನೆಯವರಿಗೆ ಕಾರ್ಖಾನೆಯಲ್ಲಿ ಕೆಲಸ, ಇರುವುದಕ್ಕೆ ಒಂದು ಕ್ವಾರ್ಟರ್ಸು. ಬಂದ ಎರಡನೇ ದಿನವೇ ಗೋಡೆಯಾಚೆ ಮನೆಯ ಹೆಂಗಸು ಬಾಗಿಲಲ್ಲಿ ನಿಂತಳು. ತಮಿಳಿನವಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಯಂಕಾಲ ನಮ್ಮನೇಲಿ ಟೀ ಮಾ. ಕಂಪಲ್ಸರಿ" ಅಂದು ಹೊರಟೇ ಹೋದಳು. ಬೈದಳೋ ಕರೆದಳೋ ತಿಳಿಯಲಿಲ್ಲ. ಶಿಫ್ಟು ಮುಗಿಸಿ ಬಂದ ಮನೆಯವರನ್ನು ಕೇಳಿದೆ. ಅವರು ನಕ್ಕರು. "ನೋಟಿಸ್ ಬೋರ್ಡಲ್ಲಿ ಬರೀತಾರಲ್ಲ, ಭಾನುವಾರ ಡ್ಯೂಟಿ ಕಂಪಲ್ಸರಿ ಅಂತ. ಹೋಗದೇ ಇರೋ ಹಾಗಿಲ್ಲ ಅಂತ. ಹೋಗು ಮಾರಾಯ್ತಿ, ಇಲ್ಲಾಂದ್ರೆ ಗೋಡೆ ಹತ್ತಿ ಬರ್ತಾಳೆ."

ಹೋದೆ. ಅವತ್ತಿನಿಂದ ಅವಳು ನನಗೆ ಅಕ್ಕ.

ಗಂಡಸರು ಕಾರ್ಖಾನೆ ಗೇಟಿನ ಒಳಗಿಂದ ತಂದ ಆ ಮಾತಿಗೆ ನಮ್ಮ ಕ್ವಾರ್ಟರ್ಸ್ ಲೈನಿನ ಹೆಂಗಸರು ಬೇರೆಯೇ ತೂಕ ಕೊಟ್ಟಿದ್ದರು. ಯಾರಾದರೂ ಕುಂಕುಮ ಇಟ್ಟು "ಮನೇಲಿ ಶಾಸ್ತ್ರ ಇದೆ, ಬನ್ನಿ" ಅಂದರೆ ಊಟದ ಹೊತ್ತಿಗೆ ಹೋಗಿ ಬರುವುದು, ಆಗದಿದ್ದರೂ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಖಂಡಿತ ಬನ್ನಿ" ಅನ್ನುವುದು ಮರ್ಯಾದೆಗೆ. ಆದರೆ "ಕಂಪಲ್ಸರಿ ಬಾ" ಅಂದರೆ ಹಿಂದಿನ ದಿನ ಸಂಜೆಯೇ ನಮ್ಮ ನಮ್ಮ ಈಳಿಗೆಮಣೆ ಕಂಕುಳಲ್ಲಿ ಹಿಡಿದುಕೊಂಡು ಹೋಗಬೇಕು. ಹೋಗಿ, ಅಂಗಳದಲ್ಲಿ ಸಾಲಾಗಿ ಕೂತು, ನಾಳೆಯ ತರಕಾರಿ ಹೆಚ್ಚಬೇಕು. ಯಾರ ಮನೆಯ ಅಂಗಳದಲ್ಲಿ ಎಷ್ಟು ಈಳಿಗೆಮಣೆ ಕೂತಿವೆ ಅಂತ ನೋಡಿದರೆ ಸಾಕು, ಆ ಮನೆಯವಳಿಗೆ ಎಷ್ಟು ಜನ ತನ್ನವರು ಅಂತ ತಿಳಿಯುತ್ತಿತ್ತು. ಅಕ್ಕನಂತೂ ಇದರಲ್ಲಿ ಬಲು ಕಟ್ಟುನಿಟ್ಟು. "ಆ ಮಾತು ಬಾಯಿಂದ ಬರ್ಲಿಲ್ಲ ಅಂದ್ರೆ ನಂಗೆ ಕಾಲೇ ಮುಂದಕ್ಕೆ ಹೋಗಲ್ಲ ಮಾ" ಅನ್ನುತ್ತಿದ್ದಳು.

ನನ್ನ ಮಗ ಅವಳ ಕೈಯಲ್ಲೇ ಬೆಳೆದ. ಅವನಿಗೆ ಅವಳು ದೊಡ್ಡಮ್ಮ. ಬಿದ್ದು ಮಂಡಿ ತರಚಿಕೊಂಡರೆ ನನ್ನ ಮನೆ ದಾಟಿ ಅವಳ ಮನೆಗೆ ಓಡಿಹೋಗಿ ಅಳುತ್ತಿದ್ದ. ಆಗೆಲ್ಲ ನಾನು ನಗುತ್ತಿದ್ದೆ. ಒಳಗೊಳಗೇ ಒಂದು ಸಣ್ಣ ಉರಿ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಕಾರ್ಖಾನೆಯ ಸದ್ದು ಕಮ್ಮಿಯಾಯಿತು. ಮನೆಯವರು ರಿಟೈರಾದರು. ಮಗನಿಗೆ ಶಿವಮೊಗ್ಗದಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ನಾವು ವಿನೋಬನಗರಕ್ಕೆ ಬಂದೆವು. ಅಕ್ಕ ಮತ್ತು ಅವಳ ಗಂಡ ಭದ್ರಾವತಿಯಲ್ಲೇ ಒಂದು ಚಿಕ್ಕ ಮನೆ ಮಾಡಿಕೊಂಡು ಉಳಿದರು. ಅವಳು ಇಡ್ಲಿ ಹಿಟ್ಟು ರುಬ್ಬಿ ಸುತ್ತಲಿನ ಮನೆಗಳಿಗೆ ಕೊಡುತ್ತಾಳೆ.

ಮಗನ ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಾಗಲಿಲ್ಲ. ಒಂದು ದಿನ ಅಕ್ಕ ನಮ್ಮ ಮನೆಗೆ ಬಂದವಳು ಟೀ ಲೋಟ ಪಕ್ಕಕ್ಕೆ ಸರಿಸಿದಳು. "ನಿನ್ನ ಸೊಸೆ ಮಗೂನ ನನ್ನ ಮಡಿಲಿಗೆ ಹಾಕೋವರೆಗೂ ಇದು ಬೇಡ ಮಾ." ಟೀ ಇಲ್ಲದೆ ಬೆಳಿಗ್ಗೆ ಎದ್ದು ಕೂರಲಾಗದ ಹೆಂಗಸು ಅವಳು. ಒಂದೆರಡು ತಿಂಗಳು ಇದ್ದೀತು ಅಂದುಕೊಂಡೆ. ಐದು ವರ್ಷ ನಡೆಯಿತು. ಅಜ್ಜಿಯಾಗಬೇಕಾದವಳು ನಾನು, ದಿನಕ್ಕೆ ಮೂರು ಸಲ ಟೀ ಕುಡಿಯುತ್ತಲೇ ಇದ್ದೆ.

ಕೊನೆಗೂ ಮಗು ಹುಟ್ಟಿತು. ಆಸ್ಪತ್ರೆಯಿಂದಲೇ ಅವಳಿಗೆ ಫೋನ್ ಮಾಡಿದೆ. ಅವಳು ಆ ಕಡೆ ಜೋರಾಗಿ ಅಳುತ್ತಿದ್ದಳು, ನಾನು ಈ ಕಡೆ. ಬಾಣಂತಿ ತವರುಮನೆಯಲ್ಲಿ, ರವೀಂದ್ರನಗರದಲ್ಲಿ ಇದ್ದಳು. ಬೇರೆಯವರ ಮನೆ ಬಾಗಿಲಿಗೆ ಕರೆಯದೆ ಹೋಗುವವಳಲ್ಲ ಅಕ್ಕ. "ತೊಟ್ಟಿಲಿಗೆ ಹಾಕೋ ದಿನ ಬರ್ತೀನಿ, ಅಲ್ಲಿವರೆಗೆ ನೀನೇ ನೋಡ್ಕೊ" ಅಂದಳು.

ಮೂರನೇ ತಿಂಗಳಲ್ಲಿ ತೊಟ್ಟಿಲು ಶಾಸ್ತ್ರ, ಹೆಸರಿಡುವುದು. ನನ್ನ ಸೊಸೆಯ ತಾಯಿ, ಅಂದರೆ ನನ್ನ ಬೀಗಿತ್ತಿ, ಸ್ಕೂಲಿನಲ್ಲಿ ಟೀಚರಾಗಿದ್ದವರು. ಮೆಲ್ಲಗೆ ಮಾತಾಡುತ್ತಾರೆ, ಸೀರೆಯ ನೆರಿಗೆ ಸಂಜೆಯವರೆಗೂ ಮುರಿಯುವುದಿಲ್ಲ. ಅವರ ಪಕ್ಕದಲ್ಲಿ ನಿಂತರೆ ನನಗೆ ನನ್ನ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಅವರ ದೂರದ ಸಂಬಂಧಿಯೊಬ್ಬರು ಭದ್ರಾವತಿಯಲ್ಲಿದ್ದರು. "ನಿಮ್ಮವರೂ ಅಲ್ಲಿದಾರಲ್ಲ ಬೀಗರೇ, ಒಟ್ಟಿಗೇ ಹೋಗಿ ಕರೆದು ಬರೋಣ" ಅಂದರು. ಅವರ ಕಾರಿನಲ್ಲಿ ಹೋದೆವು.

ಅಕ್ಕನ ಮನೆ ಮುಂದೆ ಕಾರು ನಿಂತಾಗ ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಸೀರೆ ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿತ್ತು, ಕೆನ್ನೆಯ ಮೇಲೆ ಹಿಟ್ಟು. ರಸ್ತೆಗೆಲ್ಲ ಕೇಳುವ ಹಾಗೆ "ಅಜ್ಜಿ ಬಂದ್ಳು ನೋಡಿ, ಅಜ್ಜಿ!" ಅಂತ ಕೂಗಿದಳು. ಬೀಗಿತ್ತಿಯ ಕಡೆ ತಿರುಗಿ, "ಇವಳು ಬಂದಾಗ ಸ್ಟವ್ ಹಚ್ಚೋಕೂ ಬರ್ತಿರ್ಲಿಲ್ಲ ಮೇಡಂ, ಹೆದರಿ ನನ್ನ ಹಿಂದೆ ನಿಂತ್ಕೊಳ್ತಿದ್ಳು. ಇವಳ ಮಗನಿಗೆ ಮೊದಲ ತುತ್ತು ತಿನ್ಸಿದ್ದು ನಾನು" ಅಂದಳು. ಎಲ್ಲ ನಿಜವೇ. ಬೀಗಿತ್ತಿ ನಗುತ್ತ ನಿಂತಿದ್ದರು. ನನಗೆ ಮೈಯೆಲ್ಲ ಹಿಡಿ ಆಯಿತು. ಇವಳು ಹಿಂದಿನ ಸಂಜೆಯೇ ಈಳಿಗೆಮಣೆ ಹಿಡಿದುಕೊಂಡು, ಶಾಸ್ತ್ರಕ್ಕೆ ಬಾಡಿಗೆಗೆ ಹಿಡಿದ ಹಾಲಿಗೆ ಬರುತ್ತಾಳೆ, ಅಲ್ಲಿ ಅಡುಗೆ ಕಂಟ್ರಾಕ್ಟಿನವರು ಮೆಷಿನ್ನಿನಲ್ಲಿ ಹೆಚ್ಚುತ್ತಿರುತ್ತಾರೆ, ಇವಳನ್ನು ಎಲ್ಲಿ ಕೂರಿಸಲಿ ಅಂತ ಯೋಚನೆ ಬಂತು. ಅದು ನಾನು ನನಗೇ ಹೇಳಿಕೊಂಡ ನೆಪ. ನೆಪದ ಕೆಳಗೆ ಇನ್ನೊಂದಿತ್ತು. ಮಗನಿಗೆ ಮೊದಲ ತುತ್ತು ಇವಳದು. ಮೊಮ್ಮಗಳಾದರೂ ಮೊದಲು ನನ್ನವಳಾಗಲಿ ಅನ್ನಿಸಿತು.

ಕುಂಕುಮ ಕೊಟ್ಟೆ. ಎಲೆ ಅಡಿಕೆ ಕೊಟ್ಟೆ. "ಭಾನುವಾರ ತೊಟ್ಟಿಲು ಶಾಸ್ತ್ರ. ಪುರುಸೊತ್ತಾದ್ರೆ ಬನ್ನಿ" ಅಂದೆ.

ಅಷ್ಟು ವರ್ಷದಲ್ಲಿ ನಾನು ಅವಳನ್ನು ಬಾ, ಹೋಗು ಅನ್ನದೆ ಬನ್ನಿ ಅಂದಿದ್ದು ಅದೇ ಮೊದಲು. ಅಕ್ಕ ತಟ್ಟೆ ಹಿಡಿದು ಹಾಗೇ ನಿಂತಳು. ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಳ್ಳುವ ನೆವದಲ್ಲಿ ಬಗ್ಗಿದೆ. ತಲೆ ಎತ್ತಿದಾಗ ಅವಳು, "ಆಗ್ಲಿ ಮಾ" ಅಂದಳು. ಸ್ವರ ಸಣ್ಣದಾಗಿತ್ತು.

ಅಲ್ಲಿಂದ ಎರಡು ರಸ್ತೆ ಆಚೆಗೆ ಬೀಗಿತ್ತಿಯ ಸಂಬಂಧಿಕರ ಮನೆ. ಆ ಮನೆಯವರ ಮುಖ ನಾನು ಹಿಂದೆ ಕಂಡಿರಲಿಲ್ಲ. ಅವರಿಗೆ, "ಕಂಪಲ್ಸರಿ ಬರಬೇಕು, ಮನೆ ಮಂದಿಯೆಲ್ಲ, ಕಂಪಲ್ಸರಿ" ಅಂತ ನಾಲ್ಕು ಸಲ ಹೇಳಿದೆ. ಬಾಯಿಗೆ ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ನಾಚಿಕೆಯಾಗಬೇಕಿತ್ತು. ಅವತ್ತು ಆಗಲಿಲ್ಲ.

ಅವರು ಬಂದರು. ಅಕ್ಕ ಬರಲಿಲ್ಲ.

ತೊಟ್ಟಿಲು ತೂಗುವ ಹೊತ್ತಿಗೆ ಮಗ ಬಾಗಿಲ ಕಡೆ ನೋಡಿ ನೋಡಿ ನನ್ನ ಹತ್ತಿರ ಬಂದ. "ಅಮ್ಮ, ದೊಡ್ಡಮ್ಮ ಎಲ್ಲಿ?"

"ಹೇಳಿ ಬಂದಿದೀನಪ್ಪ. ಕಾಲು ನೋವೋ ಏನೋ."

"ಕಂಪಲ್ಸರಿ ಅಂತ ಹೇಳಿದ್ಯಾ?"

ಅವನೂ ಆ ಲೈನಿನಲ್ಲಿ ಬೆಳೆದವನೇ ಅಲ್ಲವೇ. ನಾನು ಮಗುವಿನ ಟೋಪಿಯ ದಾರ ಸರಿಮಾಡುತ್ತ, "ಹೇಳ್ದೆ" ಅಂದೆ.

ಅವನ ಮುಖ ಕಪ್ಪಾಯಿತು. "ಹೇಳಿದ ಮೇಲೂ ಬರ್ಲಿಲ್ವಾ?" ಅಂದ. ಆಮೇಲೆ ಅವಳ ಸುದ್ದಿ ಎತ್ತಲಿಲ್ಲ. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದವನು ನಿಲ್ಲಿಸಿಬಿಟ್ಟ. ಊಟದ ಸಾಲಿನಲ್ಲಿ ಬೀಗಿತ್ತಿ ಬೇರೆ ನನ್ನ ಕೈ ಹಿಡಿದು ಕೇಳಿದರು, "ಅವತ್ತು ಬಾಯ್ತುಂಬ ಮಾತಾಡಿದ್ರಲ್ಲ, ಆ ಅಮ್ಮ ಬರ್ಲಿಲ್ವಾ? ನಂಗೆ ಭಾಳ ಇಷ್ಟ ಆದ್ರು." ನಾನು ನಾಚಿಕೊಂಡಿದ್ದು ಇವರ ಎದುರಿಗೆ. ಇವರಿಗೋ ಅವಳು ಇಷ್ಟವಾಗಿದ್ದಳು. ಆ ಎಲೆಯಲ್ಲಿ ಬಡಿಸಿದ ಹೋಳಿಗೆ ನಾನು ಮುರಿಯಲೂ ಇಲ್ಲ.

ಮನೆಯಲ್ಲಿ ಹಬ್ಬವೇ ನಡೆಯುತ್ತಿತ್ತು. ಮಗು ಮಗ್ಗುಲಾಯಿತು, ಕೂತಿತು, ಮೊದಲ ಹಲ್ಲು ಬಂತು. ಅದರ ಹಲ್ಲು ಬೆರಳಿಗೆ ಸಿಕ್ಕಿದ ದಿನ ನಾನು ಕುಣಿದಾಡಿದೆ. ಕುಣಿದು ಫೋನ್ ಕೈಗೆ ತೆಗೆದುಕೊಂಡೆ, ಮೊದಲು ಅಕ್ಕನಿಗೆ ಹೇಳಬೇಕು ಅಂತ. ತೆಗೆದುಕೊಂಡ ಫೋನು ಹಾಗೇ ಇಟ್ಟೆ. ಏನು ಅಂತ ಶುರುಮಾಡುವುದು?

ಮೊನ್ನೆ ಸಿಟಿ ಬಸ್ಸಿನಲ್ಲಿ ನಮ್ಮ ಹಳೆಯ ಲೈನಿನ ಹೆಂಗಸೊಬ್ಬಳು ಸಿಕ್ಕಿದಳು. ಅದು ಇದು ಮಾತಾಡಿ ಅಕ್ಕನ ಸುದ್ದಿ ಕೇಳಿದೆ. "ಚೆನ್ನಾಗಿದಾರೆ. ನಿಮ್ಮ ಮೊಮ್ಮಗಳು ಹುಟ್ಟಿದ್ದಕ್ಕೆ ಬೀದಿಗೆಲ್ಲ ಸಕ್ಕರೆ ಹಂಚಿದ್ರು. ಆದ್ರೆ ಟೀ ಮಾತ್ರ ಇನ್ನೂ ಕುಡಿಯಲ್ಲ ನೋಡಿ. ಮಗು ಆಯ್ತಲ್ಲ, ಇನ್ಯಾಕೆ ಅಂದ್ರೆ, ಇನ್ನೂ ಟೈಮ್ ಆಗಿಲ್ಲ ಅಂತಾರೆ."

ನಾನು ಇಳಿಯಬೇಕಾದ ಸ್ಟಾಪು ಹಿಂದೆ ಹೋಯಿತು. ಮಡಿಲಿಗೆ ಹಾಕುವವರೆಗೆ ಅಂತ ಅವಳು ಹೇಳಿದ್ದು ನನಗೆ ನೆನಪಿತ್ತು. ಫೋನಿನಲ್ಲಿ ಸುದ್ದಿ ಕೇಳಿದ ಮೇಲೆ ಕುಡಿದಿರುತ್ತಾಳೆ ಅಂತ ನಾನು ನಂಬಿಕೊಂಡಿದ್ದೆ. ನಂಬಿಕೊಂಡರೆ ನನಗೆ ಹಗುರ, ಅದಕ್ಕೆ.

ಮಾರನೇ ದಿನ ಬೆಳಿಗ್ಗೆ ತಿಂಡಿಗೆ ಎಲ್ಲರೂ ಕೂತಾಗ ಹೇಳಿಬಿಟ್ಟೆ. ಮಗನ ಕೈ ತಟ್ಟೆಯಲ್ಲೇ ನಿಂತಿತು. "ಎಂಟು ತಿಂಗಳು ದೊಡ್ಡಮ್ಮನ ಮೇಲೆ ಕೋಪ ಮಾಡ್ಕೊಂಡಿದೀನಿ ಅಮ್ಮ ನಾನು" ಅಂದ. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಮ್ಮ ಮನೆಯವರು ಪೇಪರ್ ಕೆಳಗಿಟ್ಟು, "ನಂಗೆ ಗೊತ್ತಿತ್ತು" ಅಂದರು. ಹೇಗೆ ಅಂದೆ. "ಮಾತೆತ್ತಿದ್ರೆ ಕಂಪಲ್ಸರಿ ಅನ್ನೋಳು, ತೊಟ್ಟಿಲು ಆದ್ಮೇಲೆ ಒಂದು ಸಲಾನೂ ಆ ಮಾತು ಆಡಿಲ್ಲ ನೀನು."

ಸೊಸೆ ಎದ್ದು ಮಗುವಿನ ಬಟ್ಟೆ ಬ್ಯಾಗಿಗೆ ತುಂಬಿದಳು. "ನಡೀರಿ ಅತ್ತೆ. ನಂಗೆ ಇವತ್ತು ರಜ." ಮಗನಿಗೆ ಡ್ಯೂಟಿ ಇತ್ತು. ಹೊರಡುವಾಗ ನಾನು ಅಡುಗೆಮನೆಗೆ ಹೋಗಿ, ಅಟ್ಟದಿಂದ ನನ್ನ ಹಳೆಯ ಈಳಿಗೆಮಣೆ ಇಳಿಸಿ, ಅದರ ಅಲುಗಿಗೆ ಬಟ್ಟೆ ಸುತ್ತಿ, ಕೈಚೀಲಕ್ಕೆ ಹಾಕಿಕೊಂಡೆ.

ಅಕ್ಕನ ಗಂಡ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಯಾರು ಬಂದಿದಾರೆ ನೋಡು ಬಾ" ಅಂತ ಒಳಗೆ ಕೂಗಿದರು. ಅವಳು ಬಂದಳು. ನನ್ನನ್ನು ದಾಟಿ ಸೊಸೆಯನ್ನು ನೋಡಿದಳು.

"ಬಾ ಮಾ, ಬಾ. ಈ ಬಿಸಿಲಲ್ಲಿ ಮಗೂನ ಯಾಕೆ ತಂದೆ? ಟೋಪಿ ಇಲ್ವಾ ಇದಕ್ಕೆ?" ಆಮೇಲೆ ನನ್ನ ಕಡೆ ಕತ್ತು ತಿರುಗಿಸಿ, "ಇವ್ರು ಯಾರು?" ಅಂದಳು.

"ಅಕ್ಕ" ಅಂದೆ.

"ಹೇಳಿ."

ಅವತ್ತು ನಾನು ಕೊಟ್ಟ ಮರ್ಯಾದೆ ನನಗೇ ವಾಪಸ್ ಬಂತು. ಕೈಚೀಲದಿಂದ ಈಳಿಗೆಮಣೆ ತೆಗೆದು ಜಗಲಿಯ ಮೇಲಿಟ್ಟೆ. "ಯಾರೂ ಕರೀದೇ ಬಂದಿದೀನಿ. ಹೆಚ್ಚೋಕೆ ಏನಾದ್ರೂ ಇದ್ರೆ ಕೊಡು."

ಅವಳು ಅದನ್ನೇ ನೋಡುತ್ತ ನಿಂತಳು. "ಅವತ್ತು ನಿನ್ನ ಬಾಯಿ ನೋಡ್ತಾ ನಿಂತಿದ್ದೆ ಮಾ. ಲಾಸ್ಟ್ ಬಸ್ ಕಾಯೋ ಥರ."

"ಗೊತ್ತು ಅಕ್ಕ. ಬಾಯಿವರೆಗೂ ಬಂದಿತ್ತು. ನಾನೇ ನುಂಗಿದೆ. ಮಗನಿಗೆ ಬೇರೆ, ಹೇಳಿದೀನಿ ಅಂತ ಸುಳ್ಳು ಹೇಳಿದೆ."

ಈ ಎರಡನೆಯದು ಅವಳಿಗೆ ಗೊತ್ತಿರಲಿಲ್ಲ. "ಅದಕ್ಕೇನಾ ಅವನು ಫೋನ್ ಮಾಡದೇ ಇದ್ದಿದ್ದು?" ಅಂದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಪ್ಪ ಆದ, ಮರ್ತ ಅಂದ್ಕೊಂಡಿದ್ದೆ. ಎಷ್ಟು ದಿನ ಫೋನು ದಿಂಬಿನ ಕೆಳಗೇ ಇಟ್ಕೊಂಡಿದ್ದೆ ಮಾ." ಅವತ್ತು ನಾನು ಸರಿಯಾಗಿ ಕರೆಯದೇ ಹೋದದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಮಗನನ್ನು ಅವಳಿಂದ ಕಿತ್ತುಕೊಂಡಿದ್ದು ಅವಳ ಮುಖದ ಮೇಲೆ ಅಲ್ಲೇ, ಆಗಲೇ ಕಂಡಿತು. ನಾನು ತಲೆ ತಗ್ಗಿಸಿದೆ.

ಅವಳು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಎರಡು ಬಾಳೆಹೂವು ಇದ್ದವು. ದಪ್ಪ ದಪ್ಪನೆಯವು. ಬಾಳೆಹೂವು ಬಿಡಿಸುವುದಕ್ಕಿಂತ ಬೇಸರದ ಕೆಲಸ ಅಡುಗೆಮನೆಯಲ್ಲಿ ಇನ್ನೊಂದಿಲ್ಲ.

"ತಗೋ. ಒಂದೊಂದು ಎಸಳಿಂದೂ ನಡುವಿನ ಕಡ್ಡಿ ತೆಗೀಬೇಕು. ಒಂದು ಉಳಿದ್ರೂ ವಾಪಸ್ ಕೊಡ್ತೀನಿ."

"ಎರಡೂನಾ?"

"ಪಕ್ಕದ ಮನೇಲಿ ಇನ್ನೊಂದಿದೆ. ತರ್ಲಾ?"

ಕೂತೆ. ಕೈಯೆಲ್ಲ ಅಂಟು, ಬೆರಳು ಕಪ್ಪು. ಸೊಸೆ ಮಗುವನ್ನು ಅಕ್ಕನ ಮಡಿಲಿಗೆ ಹಾಕಿದಳು. ಮಗು ಅವಳ ಮೂಗುಬೊಟ್ಟಿಗೆ ಕೈ ಹಾಕಿ ಎಳೆಯಿತು. "ಬಿಡೇ ಕಳ್ಳಿ, ನಿಮ್ಮಪ್ಪಾನೂ ಇದನ್ನೇ ಎಳೀತಿದ್ದ" ಅಂದಳು ಅಕ್ಕ, ಬಿಡಿಸಿಕೊಳ್ಳಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. ಮೂಗು ಎಳೆದಿದ್ದಕ್ಕೆ ಅಂತ ಗಂಡನಿಗೆ ಹೇಳಿದಳು.

ಅಷ್ಟರಲ್ಲಿ ಸೊಸೆ ಒಳಗೆ ಹೋಗಿ ಟೀ ಮಾಡಿ ತಂದಳು. ಲೋಟವನ್ನು ಅಕ್ಕನ ಮುಂದೆ ಹಿಡಿದು, "ದೊಡ್ಡಮ್ಮ, ಕಂಪಲ್ಸರಿ" ಅಂದಳು.

ಎಷ್ಟು ಸುಲಭವಾಗಿ ಅಂದಳು. ನಾನು ಎಸಳಿನ ಕಡ್ಡಿ ಕೀಳುತ್ತಿದ್ದವಳು ಕೈ ನಿಲ್ಲಿಸಿದೆ. ಅಕ್ಕ ಲೋಟ ತೆಗೆದುಕೊಂಡು ಊದಿ ಊದಿ ಕುಡಿದಳು. ಹತ್ತಿರ ಹತ್ತಿರ ಆರು ವರ್ಷದ ಮೇಲೆ ಮೊದಲ ಗುಟುಕು. ಮುಖ ಸಿಂಡರಿಸಿ, "ಸಕ್ಕರೆ ಜಾಸ್ತಿ" ಅಂದಳು. ತಳದವರೆಗೂ ಕುಡಿದಳು. ಮಧ್ಯಾಹ್ನ ಮಗ ಫೋನ್ ಮಾಡಿದಾಗ ಹಿತ್ತಲಿಗೆ ಹೋಗಿ ಅವನನ್ನು ಕಾಲು ಗಂಟೆ ಬೈದಳು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದೆ. "ಮುಂದಿನ ಬುಧವಾರ ಮಗೂಗೆ ವರ್ಷ ತುಂಬುತ್ತೆ. ಮನೇಲೇ ಮಾಡ್ತೀವಿ. ಬಾಡಿಗೆ ಹಾಲಿಲ್ಲ, ಅಡುಗೆ ಕಂಟ್ರಾಕ್ಟಿಲ್ಲ. ಕಂಪಲ್ಸರಿ ಬರಬೇಕು ಅಕ್ಕ ನೀನು. ಕಂಪಲ್ಸರಿ."

ಅವಳು ಮಗುವಿನ ತಲೆಗೆ ತನ್ನ ಗಂಡನ ಕರ್ಚೀಫು ಕಟ್ಟುತ್ತಿದ್ದಳು. "ನೋಡೋಣ ಮಾ" ಅಂದಳು. "ಪುರುಸೊತ್ತಾದ್ರೆ."

ನನಗೆ ಸಲ್ಲಬೇಕಾದದ್ದೇ. ಈಳಿಗೆಮಣೆ ತೆಗೆದುಕೊಳ್ಳಲು ಬಗ್ಗಿದರೆ ಕಾಲಿಂದ ಅದನ್ನು ಆಚೆ ಸರಿಸಿದಳು. "ಅಂಟು ಹತ್ತಿದೆ. ಉಜ್ಜಿ ಇಡ್ತೀನಿ, ಇರ್ಲಿ."

ಇವತ್ತು ಮಂಗಳವಾರ. ಮಧ್ಯಾಹ್ನ ಮೂರೂವರೆ. ನನ್ನ ಮುಂದೆ ಹುರುಳಿಕಾಯಿ, ಸೌತೆಕಾಯಿ, ಒಂದು ಅರ್ಧ ಕುಂಬಳಕಾಯಿ ತೊಳೆದು ಮೊರದಲ್ಲಿ ಹರಡಿದೆ. ಸೊಸೆ ಆಗಲೇ ಎರಡು ಸಲ ಬಂದು, "ಅತ್ತೆ, ಚಾಕು ಕೊಡ್ಲಾ? ನಾನೇ ಹೆಚ್ಲಾ?" ಅಂದಳು. ಬೇಡ ಅಂದೆ. ಮೊಮ್ಮಗಳು ಮೊರದ ಅಂಚು ಹಿಡಿದು ಎದ್ದು ನಿಂತಿದ್ದಾಳೆ. ಯಾರೂ ಹಿಡಿದಿಲ್ಲ, ತಾನಾಗಿಯೇ, ಇವತ್ತೇ ಮೊದಲ ಸಲ. ಒಂದು ಹುರುಳಿಕಾಯಿ ಬಾಯಿಗೆ ಹಾಕಿಕೊಂಡು ನಾಲ್ಕು ಹಲ್ಲು ತೋರಿಸಿ ನಗುತ್ತಿದ್ದಾಳೆ. ನಾನು ಒಂದು ಕಣ್ಣು ಅವಳ ಮೇಲೆ, ಒಂದು ಕಣ್ಣು ಗೇಟಿನ ಮೇಲೆ ಇಟ್ಟುಕೊಂಡು ಕೂತಿದ್ದೇನೆ. ಭದ್ರಾವತಿಯಿಂದ ಕಾಲು ಗಂಟೆಗೊಂದು ಬಸ್ಸು ಇದೆ.